ಅತಿಮಧುರದ ನಾರು

ಮಾವ ಜಯಸಿಂಹ ಅತಿಮಧುರದ ಬೇರನ್ನು ಜಗಿದು ಜಗಿದು ಎಲ್ಲೆಂದರಲ್ಲಿ ಇಡುತ್ತಿದ್ದರು. ಕಿಟಕಿಯ ಅಂಚು, ಕಾಫಿ ಲೋಟ, ಕೊನೆಗೆ ಶ್ರುತಿಪೆಟ್ಟಿಗೆಯ ಮೇಲೂ. ಹಳದಿ ನಾರು, ನಾರಿನ ತುಂಬ ಎಂಜಲು, ಎಂಜಲಿಗೆ ಮುತ್ತಿದ ಇರುವೆ. ಗುಡಿಸುವಾಗ ಸೊಸೆ ಸುರಭಿ ಕೈ ತಾಗದಂತೆ ಪೊರಕೆಯ ತುದಿಯಲ್ಲೇ ತಳ್ಳುತ್ತಿದ್ದಳು.

ಜಯನಗರದಲ್ಲಿ ಎರಡು ತಲೆಮಾರಿಗೆ ಸಂಗೀತ ಹೇಳಿಕೊಟ್ಟ ಗಂಟಲು, ಅದಕ್ಕೆ ಬೇಕಂತೆ. ಮೊದಲು ಪಾಠಕ್ಕೆ ಮುಂಚೆ ಒಂದು ಚೂರು. ಮಗ ಶ್ರೀಕರ್ ತೀರಿಕೊಂಡ ಮೇಲೆ ಬಾಯಿಗೆ ಬಿಡುವೇ ಇಲ್ಲ. ಮಾವ, ಸೊಸೆ ಇಬ್ಬರೇ ಉಳಿದ ಮನೆ. ಅವರು ಅತ್ತದ್ದನ್ನು ಸುರಭಿ ಕೇಳಿರಲಿಲ್ಲ, ಜಗಿಯುವುದನ್ನು ದಿನವೆಲ್ಲ ಕೇಳುತ್ತಿದ್ದಳು.

ಈಚೆಗೆ ಅವರ ಬಿ.ಪಿ. ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. "ಬೇರೆ ಏನಾದ್ರೂ ತಗೋತಿದ್ದೀರಾ ಸಾರ್?" ಎಂದು ಡಾಕ್ಟರು ಕೇಳಿದರೆ "ಏನೂ ಇಲ್ಲ" ಅಂದಿದ್ದರು. ಗ್ರಂಧಿಗೆ ಅಂಗಡಿಯ ಬೇರು ಅವರ ಪಾಲಿಗೆ ಔಷಧಿಯಲ್ಲ.

ಬುಧವಾರ ಪಾಠ ಮುಗಿಸಿ ಚಾಪೆಯಿಂದ ಏಳಹೋದರೆ ಕಾಲಲ್ಲಿ ಜೀವವೇ ಇಲ್ಲ. ಶಿಷ್ಯ ವಿಶ್ರುತ್ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಸಂಜೆ ರಕ್ತಪರೀಕ್ಷೆಯ ರಿಪೋರ್ಟ್ ತಂದವನೂ ಅವನೇ. ಪೊಟ್ಯಾಸಿಯಂ ಪಾತಾಳ ಮುಟ್ಟಿತ್ತು. ಎದೆಬಡಿತ ತಪ್ಪಬಹುದು, ಕೂಡಲೇ ಬಂದು ಅಡ್ಮಿಟ್ ಆಗಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

"ಶನಿವಾರ ಕಚೇರಿ ಇದೆ. ಆಮೇಲೆ ನೋಡೋಣ," ಎಂದು ಮಾವ ಇನ್ನೊಂದು ಬೇರು ಬಾಯಿಗಿಟ್ಟರು.

"ಇದಕ್ಕೆಲ್ಲ ಆ ಬೇರೇ ಕಾರಣ, ಮಾವ."

"ನಮ್ಮಜ್ಜಿ ಮಕ್ಕಳಿಗೆ ತೇಯ್ದು ನೆಕ್ಕಿಸ್ತಿದ್ರು. ನಿನ್ನ ಬಯೋಕೆಮಿಸ್ಟ್ರಿ ಎಂಎಸ್ಸಿ ಅವರಿಗಿಂತ ದೊಡ್ಡದಾ?"

"ಕಿಡ್ನಿ ಜೀವಕೋಶದಲ್ಲಿ ಉಪ್ಪಿನ ಹಾರ್ಮೋನಿಗೇ ಅಂತ ಒಂದು ಗ್ರಾಹಕ, ಅಂದ್ರೆ ರಿಸೆಪ್ಟರ್, ಇದೆ. ಹಾರ್ಮೋನ್ ಅಂಟಿದ್ಮೇಲೆ ಅದು ಕೋಶಕೇಂದ್ರದಲ್ಲಿ ಜೀನಿನ ಮೇಲೆ ಕೂತು, ಉಪ್ಪು ಹಿಡಿದಿಟ್ಕೋ, ಪೊಟ್ಯಾಸಿಯಂ ಚೆಲ್ಲು ಅಂತ ಹುಕುಂ ಕೊಡುತ್ತೆ. ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನೂ ಅದಕ್ಕೇ ಅಂಟುತ್ತೆ. ರಕ್ತದಲ್ಲಿ ಅದೇ ಜಾಸ್ತಿ. ಅದು ಬಂದ ಹಾಗೇ ಕೆಡಿಸಿಹಾಕೋಕೆ ಕೋಶ ಒಂದು ಕಿಣ್ವ ಇಟ್ಕೊಂಡಿರುತ್ತೆ."

"ಓಹೋ, ಮದುವೆಮನೆ ಬಾಗಿಲಲ್ಲಿ ನಿಂತು ಕರೀದೇ ಬಂದವರನ್ನ ಓಡಿಸೋ ಭಾವಮೈದ!"

"ಹೂಂ. ನಿಮ್ಮ ಬೇರು ಅವನ ಕೈ ಕಟ್ಟಿದೆ. ಊರೆಲ್ಲ ಒಳಗೆ ಬಂದು ಪಂಕ್ತಿಗೆ ಕೂತಿದೆ."

ಮಾವ ನಕ್ಕರು. ಹಲ್ಲಿನ ಸಂದಿಯಲ್ಲಿ ನಾರು ಕಂಡು ಅವಳು ಮುಖ ತಿರುಗಿಸಿದಳು.

"ಇದಿಲ್ದೆ ಗಂಟಲು ಏಳಲ್ಲಮ್ಮ."

"ಹಾಗಾದ್ರೆ ಹಾಡಬೇಡಿ."

ಆ ಮನೆಯಲ್ಲಿ ಯಾರೂ ಆಡದ ಮಾತು. ಬಾಗಿಲ ಬಳಿ ನಿಂತಿದ್ದ ವಿಶ್ರುತ್ ತಲೆ ತಗ್ಗಿಸಿದ. ಮಾವನ ದವಡೆ ನಿಂತಿತು.

"ಶ್ರೀಕರ್‌ನ ಆಂಬುಲೆನ್ಸಿಗೆ ಹತ್ತಿಸಿದ್ದು ನಾನು. ಇನ್ನೊಂದ್ಸಲ ನನ್ನ ಕೈಲಾಗಲ್ಲ." ಸುರಭಿಯ ದನಿ ಏರಲಿಲ್ಲ. ಅವರ ಬಾಯಿಯ ಕೆಳಗೆ ಅಂಗೈ ಒಡ್ಡಿದಳು. "ಉಗೀರಿ."

"ಥೂ, ಕೈಗಾ? ಎಂಜಲು ಕಣಮ್ಮ ಅದು."

"ಗೊತ್ತು. ಉಗೀರಿ."

ಬೆಚ್ಚಗಿನ ನಾರಿನ ಮುದ್ದೆ ಅಂಗೈಗೆ ಬಿತ್ತು. ಲೋಳೆ ಬೆರಳ ಸಂದಿಗೆ ಇಳಿಯಿತು. ಸುರಭಿಗೆ ವಾಕರಿಕೆ ಒತ್ತಿ ಬಂತು, ನುಂಗಿಕೊಂಡಳು. ಕೈ ಹಿಂದೆಗೆಯಲಿಲ್ಲ.

"ಎಡಗೆನ್ನೇಲಿ ಇನ್ನೂ ಇದೆ," ಅಂದಳು.

ಮಾವ ಅದನ್ನೂ ಉಗಿದರು. ವಿಶ್ರುತ್ ಆಟೋ ಕರೆಯಲು ಓಡಿದ.