ಶನಿಯ ಮೇಲೆ ಉಳಿದ ಪೂನಮ್

ಕರ್ಸರ್ ಮಿಣಮಿಣ ಎನ್ನುತ್ತಿದೆ, ದಿವಂಗತ ಗುರುಲಿಂಗಯ್ಯ, ಇಷ್ಟು ಹೊಡೆಯುವಷ್ಟರಲ್ಲಿ ಲುಂಬಿನಿಯ ಕೈ ನಿಂತಿತು — ದಿವಂಗತ, ದಿನಕ್ಕೆ ಹತ್ತು ಸಲ ಹೊಡೆಯುವ ಶಬ್ದ, ಅರ್ಜಿ, ಅಫಿಡವಿಟ್ಟು, ಯಾರ ದಿವಂಗತವೂ ಅವಳಿಗೆ ತಾಕಿದ್ದಿಲ್ಲ, ಇವತ್ತು ತಾಕಿತು, ಟೈಪಿಂಗ್ ಅಂಗಡಿಯೆದುರು ವಾಡಿ ಸ್ಟೇಷನ್ನಿನಲ್ಲಿ ಗಾಡಿ ಲೇಟೆಂದು ಕೂಗುತ್ತಿದ್ದಾರೆ, ಗುರುಲಿಂಗಯ್ಯ ಸರ್ ಇದ್ದರೆ ನಗುತ್ತಿದ್ದರು, ಮೂವತ್ತು ವರ್ಷ ರೈಲ್ವೆ ಸಿಗ್ನಲ್ಲು ರಿಪೇರಿ ಮಾಡಿದ ಮನುಷ್ಯ, ರಿಟೈರಾದ ಮೇಲೆ ಕಥೆ ಬರೆದು ಶನಿಯ ಉಂಗುರದ ಮೇಲೆ ರೈಲು ಓಡಿಸಿದರು, ಅಲ್ಲಿಯೂ ಗಾಡಿ ಎರಡು ತಾಸು ಲೇಟು, ಅಲ್ಲಿಯ ಪ್ಲಾಟ್‌ಫಾರ್ಮಿಗೂ ಶಹಾಬಾದಿನ ಫರಸಿ ಕಲ್ಲು — ಮುದುಕನ ಹೆಗಲ ಮ್ಯಾಲ ಶನಿ ಕುಂತಾನ ಎಂದು ಊರು ನಕ್ಕಿತು, ನಗಲಿ, ಆರು ಕಾದಂಬರಿ, ಆರನ್ನೂ ಟೈಪು ಮಾಡಿದವಳು ಅವಳು, ಮನಸಾರೆ ಓದಿದವಳೂ ಅವಳೊಬ್ಬಳೇ, ಹತ್ತನೆಯ ತರಗತಿ ಫೇಲಾಗಿ ಈ ಕುರ್ಚಿಗೆ ಬಂದು ಬಿದ್ದವಳಿಗೆ ಆಕಾಶ ತೋರಿಸಿದವರು ಅವರು, ಆ ಉಪಕಾರ ಹೇಗೆ ಮರೆಯಲಿ.

ಲೈಬ್ರರಿಯ ಸಂತೋಷಕುಮಾರ ಬೆಳಿಗ್ಗೆ ಬಂದಿದ್ದ, ಶ್ರದ್ಧಾಂಜಲಿ ಸಭಾ ಇಟ್ಟೀವ್ರಿ ಮೇಡಂ, ಅವರು ಕಡೀಕ ಬರದದ್ದರಾಗಿಂದು ಎರಡು ಸಾಲು ಕಾರ್ಡಿನ್ಯಾಗ ಹಾಕ್ರಿ — ಏಳನೆಯ ಕಾದಂಬರಿ, ಅರ್ಧಕ್ಕೆ ನಿಂತದ್ದು, ಫೈಲು ತೆರೆದಳು, ಇದನ್ನು ಹೊಡೆದದ್ದು ಜೂನಿನಲ್ಲಿ, ಶಾಲೆಯ ಅರ್ಜಿಗಳ ಸಂತೆ, ಕಣ್ಣು ಓಡಿದವು, ಮನಸ್ಸು ಇರಲೇ ಇಲ್ಲ, ಈಗ ಮೊದಲ ಸಲ ಓದುತ್ತಿದ್ದಾಳೆ, ಪೂನಮ್ ಎಂಬ ಹುಡುಗಿ ಶನಿಯಲ್ಲಿ ಭೂಮಿಗೆ ಮರಳುವ ಕಡೆಯ ಗಾಡಿಗೆ ಕಾದಿದ್ದಾಳೆ, ಗಾಡಿ ಬಂತು, ಬಾಗಿಲು ತೆರೆಯಿತು, ಆಮೇಲೆ — ಅದೇ ಅಕ್ಷರ, ಅದೇ ಅಳತೆ — ಲುಂಬಿನಿ, ಪೂನಮ್ ತಿರುಗಿ ಬರಬೇಕೋ ಬ್ಯಾಡೋ ನನಗ ತಿಳೀವಲ್ದು, ನೀ ಹೇಳಿದಂಗ ಬರೀತೀನವ್ವ. ಸರ್ ತಮ್ಮ ಕೈಬರಹದ ಹಾಳೆಯ ಅಂಚಿನಲ್ಲಿ ಅವಳನ್ನೇ ಕೇಳಿ ಬರೆದದ್ದು, ಅದನ್ನೂ ಕಥೆಯೊಳಗೆ ಸೇರಿಸಿ ಹೊಡೆದಿದ್ದಾಳೆ, ಒಂದು ಕಾಗುಣಿತ ತಪ್ಪಿಲ್ಲ, ಅಯ್ಯೋ ನಿನ್ನ, ನಿನ್ನ ಹೆಸರನ್ನು ನೀನೇ ಹೊಡೆದೂ ತಿಳಿಯಲಿಲ್ಲವೇನೇ.

ಅವತ್ತು ಪ್ರಿಂಟು ತೆಗೆದುಕೊಂಡು ಮೆಟ್ಟಿಲ ಮೇಲೆ ನಿಂತೇ ಓದಿದರು, ಕಡೆಯ ಹಾಳೆಯಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು, ಓದಿದೇನವ್ವ, ಓದೀನ್ರಿ ಸರ್, ಭಾಳ ಛಲೋ ಆಗ್ಯಾದ — ತಲೆಯೆತ್ತಿ ನೋಡಿದರು, ಇನ್ನೇನೋ ಹೇಳುತ್ತಾಳೆಂದು ಕಾದರು, ಬೆರಳು ಅಲ್ಲೇ, ಅವಳು ಮುಂದಿನವರ ಆಧಾರ್ ಕಾರ್ಡು ಕೇಳಿದಳು, ಆತು ಬಿಡವ್ವ, ಅಂದರು, ಹೋದರು. ಒಂಬತ್ತನೆಯ ದಿನ ಎದೆನೋವು, ಕಲಬುರಗಿಯ ಆಸ್ಪತ್ರೆ ಮುಟ್ಟಲಿಲ್ಲ. ಗೊತ್ತಿತ್ತು ಅವರಿಗೆ, ಮನಸಾರೆ ಓದುತ್ತಿದ್ದ ಒಬ್ಬಳೂ ಓದಿಲ್ಲವೆಂದು ಗೊತ್ತಿದ್ದೇ ಹೋದರು, ಬರಲಿ ಸರ್, ಪೂನಮ್ ಬರಲಿ, ಗಾಡಿ ಹತ್ತಿಸ್ರಿ ಆಕೀನ್ನ — ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುತ್ತೀಯೇನೇ, ಯಾರಿಗೆ ಹೇಳುತ್ತೀ, ಬರೆಯುವ ಕೈಯೇ ಮಣ್ಣಾಯಿತು, ಕಾರ್ಡಿಗೆ ಸಾಲು ಬೇಕು, ಯಾವ ಸಾಲು, ಯಾವ ಸಾಲು ನೋಡಿದರೂ ಅದರ ಮೇಲೆ ಆ ಬೆರಳು, ಪುಟ ಕೆಳಗಿಳಿಸಿದರೂ ಬೆರಳು, ಫೈಲು ಮುಚ್ಚಿದರೂ ಬೆರಳು, ಸರಿಯದೆ, ಅವಳ ಹೆಸರಿನ ಮೇಲೆ, ಕಾಯುತ್ತ