ರಾಮಾ, ಹೇಳು

ನಮ್ಮ ಮನೆಯಲ್ಲಿ ಬಾಯಿ ಇದ್ದದ್ದು ಗಿಳಿಗೆ ಮಾತ್ರ. ಅತ್ತೆ ಮಾಸ್ತಮ್ಮ ನನ್ನೊಡನೆ ಮಾತಾಡುತ್ತಿರಲಿಲ್ಲ, ನಾನೂ ಅವರೊಡನೆ ಆಡುತ್ತಿರಲಿಲ್ಲ. ನನ್ನ ಗಂಡ ಸೋಮ ಹೊನ್ನಾವರದಲ್ಲಿ ಮಚವೆ ದೋಣಿ ಹತ್ತಿ ಮುಂಬಯಿಯ ಗಿರಣಿಗೆ ಹೋದ ದಿನದಿಂದ ಹೀಗೆ. ಸೊಸೆಯ ಬಾಯಿ ತಾಳಲಾರದೆ ಹೋದ ಎಂದು ಅವರು, ತಾಯಿಯ ಕಿರಿಕಿರಿಗೆ ಹೋದ ಎಂದು ನಾನು. ಯಾಕೆ ಹೋದೆನೆಂದು ಆ ಪುಣ್ಯಾತ್ಮನಿಗಾದರೂ ಗೊತ್ತಿತ್ತೋ ಇಲ್ಲವೋ.

ಮಾತಿಲ್ಲದೆ ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುವುದು ಹೇಗೆ? ಅದಕ್ಕೆ ಸೋಮ ಸಾಕಿದ ಗಿಳಿ ರಾಮ ಇತ್ತು. ಅತ್ತೆ ಪಂಜರದ ಕಡೆ ಮುಖ ಮಾಡಿ, ರಾಮಾ, ಹೇಳು, ಗಂಜಿ ಆತು ಅನ್ನುವರು. ನಾನೂ ಪಂಜರಕ್ಕೇ, ರಾಮಾ, ಹೇಳು, ಸೌದೆ ಇಲ್ಲ ಅನ್ನುವೆ. ಕೇಳಿ ಕೇಳಿ ಅದು ಕಲಿತದ್ದು ‘ಹೇಳು’ ಎಂಬ ಒಂದೇ ಮಾತು. ಬೆಳಿಗ್ಗೆ ಹೊರಗೆ ಬಿಟ್ಟರೆ ಅಂಗಳದ ಪೇರಲೆ ಮರದಲ್ಲಿ ಆಡಿಕೊಂಡಿದ್ದು, ದೀಪ ಹಚ್ಚುವ ಹೊತ್ತಿಗೆ ತಾನೇ ಬಂದು ಪಂಜರದಲ್ಲಿ ಕೂರುತ್ತಿತ್ತು.

ಅರವತ್ತೊಂದನೇ ಇಸವಿಯ ದೀಪಾವಳಿಯ ಸಂಜೆ ಅದು ಬರಲಿಲ್ಲ. ಪಂಜರದವರೆಗೆ ಹಾರಿ ಬಂತು, ಕಿರ್ರನೆ ಕಿರುಚಿ ಮತ್ತೆ ಮರ ಹತ್ತಿತು. ಪಂಜರವನ್ನು ಅಂಗಳಕ್ಕೆ ಇಳಿಸಿ ಬಾಳೆಹಣ್ಣು ಇಟ್ಟೆ. ಬಂತು, ಕಿರುಚಿತು, ಹೋಯಿತು. ಕೆಂಪು ಮೆಣಸು ಇಟ್ಟೆ, ಅದೇ ಕಥೆ. ಈ ಹಕ್ಕಿಗೆ ಎಂತ ಹಿಡಿಯಿತೆಂದು ತಲೆ ಕೆಟ್ಟುಹೋಯಿತು. ಬೆಳಿಗ್ಗೆ ನಾನು ಗದರಿದ್ದಕ್ಕೆ ಸಿಟ್ಟೇ? ಗರ್ನಾಲು ಪಟಾಕಿಯ ಸದ್ದಿಗೆ ಹೆದರಿತೇ? ಇಲ್ಲಾ ಅತ್ತೆಯೇ ಏನಾದರೂ ಮಾಡಿದರೇ? ಜಗಲಿಯಲ್ಲಿ ಕೂತ ಅತ್ತೆ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.

ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು. ತೆನೆ ತಿಂದ ಕಾಡುಗಿಳಿಗಳ ಹಿಂಡು ಕಾಯ್ಕಿಣಿಯ ಗುಡ್ಡದ ಕಡೆ ಹೊರಟಿತ್ತು. ರಾಮ ಕತ್ತು ಹೊರಳಿಸಿ ಅತ್ತ ನೋಡಿತು. ಇದೂ ಹೊರಟುಹೋದರೆ ಈ ಮನೆಯಲ್ಲಿ ನಾವಿಬ್ಬರೂ ಮೂಕಿಯರು. ಮಾತೇ ಇಲ್ಲದ ಮನೆಯಲ್ಲಿ ನಾನು ಬದುಕಲಾರೆ.

ಪಂಜರದ ಎದುರು ನೆಲಕ್ಕೆ ಕೂತೆ. ಆಗ ಕಂಡಿತು. ಪಂಜರದ ಬಾಗಿಲ ಮೇಲಿನ ಹಲಗೆಯಿಂದ ಗೂಬೆಯ ಹಾಗೆ ಎರಡು ದುಂಡನೆಯ ಬಿಳಿ ಕಣ್ಣು ನನ್ನನ್ನೇ ದಿಟ್ಟಿಸುತ್ತಿದ್ದವು. ಹಬ್ಬದ ದಿನ ಶೇಡಿಯ, ಅಂದರೆ ಬಿಳಿಮಣ್ಣಿನ ನೀರಿನಲ್ಲಿ ಸಿದ್ದೆ ಎಂಬ ಅಳತೆಯ ಪಾತ್ರೆಯ ಬಾಯಿ ಅದ್ದಿ ದನಕರುಗಳ ಮೈಗೆ ಅಚ್ಚು ಒತ್ತುವುದು ನಮ್ಮ ಪದ್ಧತಿ. ನೇಗಿಲು, ಒರಳು, ಬಾಗಿಲು ಯಾವುದನ್ನೂ ಬಿಡುವುದಿಲ್ಲ. ಗಿಳಿ ಹೊರಗಿದ್ದಾಗ ಅತ್ತೆ ಪಂಜರಕ್ಕೂ ಸಣ್ಣ ಬಟ್ಟಲಿನಿಂದ ಜೋಡಿ ಅಚ್ಚು ಒತ್ತಿ, ನಡುವೆ ಕೆಮ್ಮಣ್ಣಿನ ಬೊಟ್ಟು ಇಟ್ಟಿದ್ದರು. ಮನೆ ತುಂಬ ಅಚ್ಚೇ ಇರುವಾಗ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಒರೆಸಲು ಸೆರಗು ಎತ್ತಿದವಳು ಕೈ ತಡೆದೆ. ಹಬ್ಬದ ಅಚ್ಚು ತಾನಾಗಿ ಅಳಿಯಬೇಕು, ಒರೆಸಿದರೆ ಮನೆಮಂದಿಗೆ ಕೇಡು ಎಂದು ನಂಬಿದವರು ಅತ್ತೆ. ಮನೆಮಂದಿ ಎಂದರೆ ಮುಂಬಯಿಯಲ್ಲಿರುವ ಸೋಮ. ಕೇಳದೆ ಒರೆಸುವ ಹಾಗಿಲ್ಲ. ಕೇಳೋಣವೆಂದು ಅಭ್ಯಾಸಬಲದಿಂದ ಪಂಜರಕ್ಕೆ ‘ರಾಮಾ’ ಎಂದೆ. ಪಂಜರ ಖಾಲಿ. ಮರದ ಮೇಲಿಂದ ಅದು ‘ಹೇಳು, ಹೇಳು’ ಎಂದು ಒಂದೇ ಸಮ ಅರಚುತ್ತಿತ್ತು.

ಹಾಳಾದ ಗಿಳಿ, ಯಾರಿಗೆ ಹೇಳಲಿ? ಅತ್ತೆಯ ಕಡೆ ತಿರುಗಿದೆ.

“ಅತ್ತೆ, ಅಚ್ಚು ಕಂಡು ಹೆದರ್ತದೆ ಅದು. ಒರೆಸ್ಲಾ?”

ಅವರು ನನ್ನ ಮುಖ ನೋಡಿದರು. ಎದ್ದು ಬಂದು, ಸೆರಗಿನ ತುದಿ ಒದ್ದೆ ಮಾಡಿ ತಾವೇ ಒರೆಸಿದರು. ದೇವರೇ, ಮಗನನ್ನು ಕಾಯಿ ಎಂದು ಗೊಣಗಿದ್ದು ನನಗೂ ಕೇಳಿಸಿತು.

ರಾಮ ಇಳಿದು ಬಂತು. ಬಾಗಿಲಲ್ಲಿ ನಿಂತು ಕತ್ತು ಆಚೆ ಈಚೆ ಮಾಡಿ ಒಳಗೆ ಹೋಯಿತು. ಪಂಜರವನ್ನು ಜಗಲಿಯ ಕೊಕ್ಕೆಗೆ ತೂಗುಹಾಕುತ್ತಿದ್ದಾಗ ಹಿಂದಿನಿಂದ, ಬಾ, ಉಣ್ಣು ಎಂದದ್ದು ಕೇಳಿತು. ಗಿಳಿಗೆ ಹೇಳಿದ್ದೆಂದು ತಿರುಗಿ ನೋಡಲಿಲ್ಲ.

“ನಿಂಗೇ ಹೇಳೂದು, ಗಣಪಿ.”

ಅವರ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ದಿನವಾಗಿತ್ತು! ಮುಖ ತಾನಾಗಿ ಪಂಜರದ ಕಡೆ ತಿರುಗಿತು.

“ರಾಮಾ, ಹೇಳು, ಬಂದೆ ಅಂತ.”

ಅತ್ತೆ ನಕ್ಕುಬಿಟ್ಟರು. ಸೋಮ ಹೋದಮೇಲೆ ಆ ನಗು ನಾನು ಕೇಳಿರಲಿಲ್ಲ. ನನಗೆ ಅಳು ಬಂತು.