ಚಾಕುವಿನ ಪಟ್ಟು

ನ್ಯಾಮತಿಯ ಕರಾಟೆ ಮಾಸ್ತರ ಕೆಂಚೇಶನ ಮೈಮೇಲೆ ಹನ್ನೊಂದು ವರ್ಷದಿಂದ ಒಂದೇ ಒಂದು ಏಟು ಬಿದ್ದಿರಲಿಲ್ಲ. ಇದನ್ನು ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಅಲ್ಲ ಸ್ವಾಮಿ, ಏಟು ಬಿದ್ದಿಲ್ಲ ಅಂದರೆ ಯಾರೂ ಹೊಡೆದಿಲ್ಲ ಅಂತ ಅರ್ಥ, ಎಲ್ಲರನ್ನೂ ತಡೆದೆ ಅಂತಲ್ಲವಲ್ಲ! ಆದರೆ ಕರಿ ಬೆಲ್ಟು ಕಟ್ಟಿದವನಿಗೆ ಇದನ್ನು ಹೇಳುವವರು ಯಾರು?

ಭಾನುವಾರ ಬೆಳಿಗ್ಗೆ ಏಳಕ್ಕೆ ಸಮುದಾಯ ಭವನದಲ್ಲಿ ಅವನ ತರಗತಿ. ಮೂವತ್ತು ಹುಡುಗಿಯರು ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತು "ಹಾ!" ಎಂದರೆ ಕಿಟಕಿಯ ಪಾರಿವಾಳಗಳು ಹಾರಿಹೋಗುತ್ತಿದ್ದವು. ಅವನಿಗೆ ಹೆಸರು ತಂದದ್ದು ಚಾಕುವಿನ ಪಟ್ಟು. ಎದುರಾಳಿ ಕಟ್ಟಿಗೆಯ ಚಾಕು ಹಿಡಿದು, ತೋಳು ಚಾಚಿ, ಒಂದು ಹೆಜ್ಜೆ ಮುಂದೆ ಬಂದು ನಿಲ್ಲಬೇಕು. ನಿಂತವಳ ಮಣಿಕಟ್ಟು ಹಿಡಿದು ತಿರುವಿದರೆ ಚಾಕು ನೆಲಕ್ಕೆ, ಚಾಕು ಹಿಡಿದವಳು ಚಾಪೆಗೆ. ಶಾಲೆಗಳ ವಾರ್ಷಿಕೋತ್ಸವದಲ್ಲಿ ಇದಕ್ಕೆ ಬೀಳುವ ಚಪ್ಪಾಳೆ ನಾಟಕಕ್ಕೂ ಬೀಳುತ್ತಿರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಹೆತ್ತವರನ್ನೆಲ್ಲ ಕರೆದು ಅದೇ ಪಟ್ಟು ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳು ಬೊಮ್ಮಕ್ಕ, ತರಗತಿಯ ಸುನೀತಾಳ ತಾಯಿ. ಭವನದ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಅಡಿಕೆ ಸುಲಿಯುತ್ತಿದ್ದವಳು. ಕತ್ತಿಯ ಬಾಯಿಗೆ ಬೆರಳು ಕೊಡದೆ ದಿನಕ್ಕೆ ಸಾವಿರಾರು ಅಡಿಕೆ ಸುಲಿಯುವ ಕೈ ಅದು.

"ಯಾಕಮ್ಮ ನಗ್ತೀರಿ?" ಎಂದ ಕೆಂಚೇಶ.

"ಏನಿಲ್ರೀ ಮಾಸ್ತರೇ. ಆ ಹುಡುಗಿ ಚಾಕು ಚಾಚ್ಕಂಡು ನಿಂತೇಬಿಟ್ಳಲ್ಲ, ಫೋಟೋ ತೆಗೆಸಾಕೆ ನಿಂತಂಗೆ! ಕತ್ತಿ ಹಿಡ್ದ ಕೈ ಹಂಗೆಲ್ಲಿ ನಿಲ್ತೈತ್ರೀ?"

"ಹಂಗಾದ್ರೆ ನೀವೇ ಬಂದು ತೋರ್ಸಿ."

ಸವಾಲು ಹಾಕಿದ್ದು ಅವನೇ, ಬೊಮ್ಮಕ್ಕ ಅಲ್ಲ. ಅವಳು ಶೆಡ್ಡಿಗೆ ಹೋಗಿ ಒಂದು ಮಗ್ಗಿನ ತುಂಬ ಚೊಗರು ತಂದಳು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು, ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ. ಗೇಣುದ್ದದ ಕಡ್ಡಿಯ ತುದಿಗೆ ಚಿಂದಿ ಸುತ್ತಿ ಅದರಲ್ಲಿ ಅದ್ದಿದಳು.

"ಇದೇ ಚಾಕು ಅಂದ್ಕಳ್ರಿ. ತಾಗಿದ ಕಡೆ ಗಾಯ. ನಾ ನಿಲ್ಲಲ್ಲ, ಮೊದ್ಲೇ ಹೇಳೀನಿ."

ನಿಲ್ಲಲಿಲ್ಲ ಪುಣ್ಯಾತ್ಗಿತ್ತಿ! ಎಡಗೈಯಿಂದ ಅವನ ಕೊರಳಪಟ್ಟಿ ಹಿಡಿದು ಜಗ್ಗಿದಳು, ಬಲಗೈ ಹೊಲಿಗೆ ಯಂತ್ರದ ಸೂಜಿಯಂತೆ ಹೋಗಿ ಬಂದು ಹೋಗಿ ಬಂದು ಮಾಡಿತು. ಕೆಂಚೇಶ ಒಮ್ಮೆ ಮಣಿಕಟ್ಟು ಹಿಡಿದೇಬಿಟ್ಟ. ಅಷ್ಟರಲ್ಲಿ ಕಡ್ಡಿ ಆ ಕೈ ಬಿಟ್ಟು ಈ ಕೈಗೆ ಬಂದಿತ್ತು. ಅರ್ಧ ನಿಮಿಷ ಆಗಿರಬಹುದು. ಸುನೀತಾ ಹತ್ತಿರ ಬಂದು ಬಿಳಿ ಅಂಗಿಯ ಮೇಲಿನ ಕಲೆಗಳನ್ನು ಗಟ್ಟಿಯಾಗಿ ಎಣಿಸಿದಳು. ಹದಿನಾಲ್ಕು. ಅದರಲ್ಲಿ ಎರಡು ಕುತ್ತಿಗೆಯ ಮೇಲೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ನೀವು ನಿಯಮದ ಪ್ರಕಾರ ಮಾಡ್ಲಿಲ್ಲ" ಎಂದ.

"ಕಳ್ಳ ನಿಯಮ ಓದ್ಕಂಡು ಬರ್ತಾನೇನ್ರೀ ಮಾಸ್ತರೇ?" ಎಂದಳು ಬೊಮ್ಮಕ್ಕ. ಆಮೇಲೆ ಪಾಪ ಅನ್ನಿಸಿತೋ ಏನೋ, "ಬೇಜಾರ್ ಮಾಡ್ಕಬ್ಯಾಡ್ರಿ" ಎಂದು ಸೇರಿಸಿದಳು.

ಬೇಜಾರು ಮಾಡಿಕೊಳ್ಳದೆ ಇರಲು ಅವನೇನು ಕಲ್ಲೇ? ಮಧ್ಯಾಹ್ನ ಊಟವೂ ಮಾಡದೆ ಬೈಕು ಹತ್ತಿ ಹೊನ್ನಾಳಿಯ ಗರಡಿಗೆ ಹೋದ. ಕರಾಟೆ ಆಗದಿದ್ದರೆ ಕುಸ್ತಿಯಲ್ಲಾದರೂ ಚಾಕುವಿಗೆ ಮದ್ದು ಇರಬೇಕು ಎಂಬ ಆಸೆ. ಗರಡಿ ನೋಡಿಕೊಳ್ಳುವ ಮೂಕಪ್ಪ ಪೈಲ್ವಾನರಿಗೆ ಎಪ್ಪತ್ತು ದಾಟಿತ್ತು. ಎಲ್ಲ ಕೇಳಿಸಿಕೊಂಡು, ಅಂಗಿ ಬಿಚ್ಚಿಸಿ, ಕೆಮ್ಮಣ್ಣಿಗೆ ಕೈ ಮುಗಿಸಿ, ಮೂರು ಸಲ ಅವನ ಬೆನ್ನು ಮಣ್ಣಿಗೆ ತಾಗಿಸಿದರು. ಮೂರೂ ಸಲ ಅವರಿಗೆ ಉಸಿರು ಕೂಡ ಏರಲಿಲ್ಲ.

"ಹಂಗಾದ್ರೆ ಕುಸ್ತಿನೇ ಮೇಲು ಅನ್ನಿ" ಎಂದ ಕೆಂಚೇಶ, ಬಾಯಲ್ಲಿನ ಮಣ್ಣು ಉಗುಳುತ್ತ.

"ಮೇಲೂ ಇಲ್ಲ ಕೆಳಗೂ ಇಲ್ಲ ತಮ್ಮಾ. ಕರಾಟೆ, ಜೂಡೋ, ಬಾಕ್ಸಿಂಗು ಎಲ್ಲ ಒಳ್ಳೇವೇ. ಬೀಳಾಕೆ ಒಲ್ಲೆ ಅನ್ನೋನ ಜೊತೆ ದಿನಾ ಗುದ್ದಾಡಿ ಕಲಿತಿದ್ದು ಕೆಲಸಕ್ಕೆ ಬರ್ತೈತೆ. ಬೀಳಾಕೆ ಒಪ್ಕಂಡು ಬಂದೋನ ಜೊತೆ ಕಲಿತಿದ್ದು ಬಯಲಾಟ."

"ಮತ್ತೆ ಚಾಕಿಗೆ?"

"ಚಾಕಿಗೆ ನಮ್ಮ ವಸ್ತಾದರು ಒಂದೇ ಪಟ್ಟು ಹೇಳಿಕೊಟ್ಟಿದ್ರು. ಬಾಗಿಲು ಎಲ್ಲೈತೆ ನೋಡ್ಕ."

ಕೆಂಚೇಶ ನಗಲಿಲ್ಲ. ತುಂಗಭದ್ರೆಯ ಸೇತುವೆಯ ಹತ್ತಿರ ಬೈಕು ನಿಲ್ಲಿಸಿ ಲೆಕ್ಕ ಹಾಕಿದ: ಹನ್ನೊಂದು ವರ್ಷದಲ್ಲಿ ಕಡಿಮೆಯೆಂದರೂ ನಾನೂರು ಹುಡುಗಿಯರು ಈ ಪಟ್ಟು ಕಲಿತು ಹೋಗಿದ್ದರು. ಅಲ್ಲಿಯೇ ನಿಂತು ಹಳೆಯ ಶಿಷ್ಯೆಯರಿಗೆಲ್ಲ ಮೊಬೈಲಿನಲ್ಲಿ ಮಾತು ಮುದ್ರಿಸಿ ಕಳಿಸಿದ. "ಚಾಕುವಿನ ಪಟ್ಟು ಮರೆತುಬಿಡ್ರಮ್ಮಾ. ಅದು ಸುಳ್ಳು. ಯಾರಾದ್ರೂ ಚಾಕು ತೋರಿಸಿದ್ರೆ ಕೇಳಿದ್ದು ಕೊಟ್ಟು ಓಡಿ." ಸಂಜೆಯೊಳಗೆ ಸಾಲುಸಾಲು ಉತ್ತರ ಬಂದವು. ಶಾಂತಲಾಳದ್ದು ಮಾತ್ರ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಶಾಂತಲಾ ಗೋವಿನಕೋವಿಯ ಹುಡುಗಿ, ಅವನ ಶಿಷ್ಯೆಯರಲ್ಲೆಲ್ಲ ಚುರುಕಾದವಳು. ಈಗ ಜಗಳೂರಿನ ಒಂದು ದವಾಖಾನೆಯಲ್ಲಿ ನರ್ಸು. ಮರುದಿನ ಬೆಳಿಗ್ಗೆ ಅವಳ ತಾಯಿ ಕಸ್ತೂರಮ್ಮನಿಗೆ ಫೋನು ಮಾಡಿದ.

"ನಾನೇ ನಿಮಗೆ ಮಾಡ್ಬೇಕು ಅಂತಿದ್ದೆ ಮಾಸ್ತರೇ" ಎಂದರು ಆಕೆ. "ಹೋದ ವಾರ ಯಾರೋ ಚಾಕು ಹಿಡ್ಕಂಡು ಇವಳನ್ನ ಅಡ್ಡಗಟ್ಟಿದ್ನಂತೆ. ಜೊತೆಗೆ ಕೆಲಸ ಮಾಡೋ ಹುಡುಗಿ ಬಾಯಿಬಿಟ್ಳು. ಇವಳನ್ನ ಕೇಳಿದ್ರೆ ಏನಿಲ್ಲಮ್ಮ ಅಂತಾಳೆ. ವಿಡಿಯೋ ಕಾಲ್ ಮಾಡೇ ಅಂದ್ರೆ ಒಲ್ಲೆ ಅಂತಾಳೆ. ಮುಖಕ್ಕೋ ಕೈಗೋ ಏನಾರ ಆಗೈತೇನ್ರೀ? ನಮ್ಮನೆಯವ್ರ ಕಾಲು ಮುರಿದೈತೆ, ಬಿಟ್ಟು ಹೋಗಾಕಾಗಲ್ಲ. ನಿಮ್ಮ ವಿದ್ಯೆ ಕಲಿತಾಳೆ ಅನ್ನೋದೊಂದೇ ಧೈರ್ಯ ನನಗೆ."

ಆ ಕೊನೆಯ ಮಾತು ಕೇಳಿದ ಮೇಲೆ ಅವನು ಮನೆಯಲ್ಲಿ ನಿಲ್ಲಲಿಲ್ಲ. ಹೊನ್ನಾಳಿ, ಹರಿಹರ, ದಾವಣಗೆರೆ ಎಂದು ಬಸ್ಸು ಬದಲಾಯಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಒಂದೇ ಚಿತ್ರ: ಆ ಹುಡುಗಿ ಮಣಿಕಟ್ಟು ಹಿಡಿಯಲು ಕೈ ಚಾಚಿದ್ದಾಳೆ, ಚಾಕು ನಿಂತಿಲ್ಲ. ಶಾಲೆಯ ವೇದಿಕೆಯಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟು, "ಚಾಕು ಕಂಡು ಓಡಿದವಳು ನನ್ನ ಶಿಷ್ಯೆಯೇ ಅಲ್ಲ" ಎಂದು ಮೈಕಿನಲ್ಲಿ ಕೂಗಿದ್ದವನು ಯಾರು? ಇವನೇ. ಅವಳು ಮಾಸ್ತರ ಮಾತನ್ನು ವೇದವಾಕ್ಯ ಎಂದು ನಂಬುವವಳು. ಬೆರಳು ಹೋಗಿದ್ದರೆ? ನರ್ಸಿನ ಕೈಯಲ್ಲವೇ ಅದು! ಪಕ್ಕದ ಸೀಟಿನವರು ಮಂಡಕ್ಕಿ ಕೊಡಲು ಬಂದರೆ ತಲೆಯಾಡಿಸಿ ಬೇಡವೆಂದ.

ಜಗಳೂರು ಮುಟ್ಟಿದಾಗ ಮೂರು ಗಂಟೆ. ದವಾಖಾನೆಯ ಹೊರಗಿನ ಬೆಂಚಿನ ಹತ್ತಿರ ನಿಂತು ಹೇಳಿಕಳಿಸಿದ. ಶಾಂತಲಾ ಬಂದಳು. ಅವನನ್ನು ಕಂಡವಳೇ ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡು ತಲೆ ತಗ್ಗಿಸಿದಳು.

"ಕೈ ತೋರ್ಸು" ಎಂದ.

"ಸರ್?"

"ಎರಡೂ ಕೈ ತೋರ್ಸಮ್ಮ!"

ತೋರಿಸಿದಳು. ಅಂಗೈ ನೋಡಿದ, ಮುಂಗೈ ನೋಡಿದ, ತೋಳು ಮೇಲೇರಿಸಿ ನೋಡಿದ. ಹತ್ತು ಬೆರಳು. ಒಂದು ಗೀರೂ ಇಲ್ಲ. ಬದುಕಿದೆಯಾ ಬಡಜೀವವೇ! ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿ ಕೆಂಚೇಶ ಬೆಂಚಿನ ಮೇಲೆ ಕುಸಿದು ಕೂತ. ಅವಳು ಅಳತೊಡಗಿದಳು.

"ತಪ್ಪಾಯ್ತು ಸರ್. ನಿಮ್ಮ ಪಟ್ಟು ಹಾಕ್ಲಿಲ್ಲ. ಹಾಕಾಕೆ ಅಂತ ಕೈ ಎತ್ತಿದೆ ಸರ್, ನಿಜವಾಗ್ಲೂ. ಆದ್ರೆ ಅವನ ಕೈ ಗಡಗಡ ನಡುಗ್ತಿತ್ತು, ಒಂದ್ ಕಡೆ ನಿಲ್ತಾನೇ ಇರ್ಲಿಲ್ಲ. ಎಲ್ಲಿ ಹಿಡೀಲಿ? ಚೈನ್ ಬಿಚ್ಚಿ ಅವನ ಬೆನ್ನ ಹಿಂದಕ್ಕೆ ಎಸೆದೆ. ಅವನು ಅತ್ತ ತಿರುಗಿದ, ನಾನು ಇತ್ತ ಓಡಿದೆ. ಅಮ್ಮ ಮಾಡಿಸಿಕೊಟ್ಟ ಚೈನು. ಅವಳಿಗೆ ಹೆಂಗೆ ಮುಖ ತೋರ್ಸಲಿ, ನಿಮಗೆ ಹೆಂಗೆ ತೋರ್ಸಲಿ? ಬಯ್ತೀರಿ ಅಂತ ನೀವು ಕಳಿಸಿದ್ದನ್ನೂ ಕೇಳ್ಲಿಲ್ಲ."

"ಎಲ್ಲೀಗಂಟ ಓಡಿದೆ?"

"ಪೆಟ್ರೋಲ್ ಬಂಕಿನ ತನಕ ಸರ್."

"ಕೂಗಿದ್ಯಾ?"

"ಬಾಯಿ ಬಡ್ಕಂಡೆ. ಒಂದು ಚಪ್ಪಲಿ ಕಿತ್ತೋಯ್ತು, ಇನ್ನೊಂದನ್ನ ನಾನೇ ಒದ್ದು ಬಿಸಾಕಿದೆ."

"ಹಿಂದೆ ತಿರುಗಿ ನೋಡಿದ್ಯಾ?"

"ಇಲ್ಲ ಸರ್."

ಕೆಂಚೇಶ ನಗಲು ಶುರುಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರೆಲ್ಲ ನಗುವಿನದ್ದೇ ಅಂತ ನಾನಂತೂ ಹೇಳಲಾರೆ. ಹುಡುಗಿ ಗಾಬರಿಯಾಗಿ ನೋಡುತ್ತಿದ್ದರೆ ಅವನು ಬೊಮ್ಮಕ್ಕನ ಕಡ್ಡಿಯ ಕತೆ ಹೇಳಿದ, ಹದಿನಾಲ್ಕು ಕಲೆಯ ಲೆಕ್ಕ ಹೇಳಿದ, ಗರಡಿಯಲ್ಲಿ ಮಣ್ಣು ತಿಂದದ್ದನ್ನೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷ ಹೊತ್ತ ಮೂಟೆಯೊಂದನ್ನು ಇಳಿಸಿದಷ್ಟು ಹಗುರವಾಯಿತು ಅವನಿಗೆ.

"ತಪ್ಪು ನಂದು ಕಣಮ್ಮಾ. ನೀನು ಮಾಡಿದ್ದೇ ಸರಿ" ಎಂದ. ಆಮೇಲೆ ಅವನೇ ಕಸ್ತೂರಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಹುಡುಗಿಯ ಕೈಗಿಟ್ಟ. ಶಾಂತಲಾ ದುಪಟ್ಟಾ ಸರಿಸಿ ಬರಿ ಕುತ್ತಿಗೆ ತೋರಿಸಿದಳು.

"ಹಾಳಾದ್ ಚೈನು, ಹೋದ್ರೆ ಹೋಗ್ಲಿ ಬಿಡೇ!" ಎಂದು ಕಸ್ತೂರಮ್ಮ ಕಿರುಚಿದರು. "ಅದನ್ನ ಹಾಕ್ಕಳಾಕೆ ಕುತ್ತಿಗೆ ಉಳಿದೈತಲ್ಲ, ನನ್ನವ್ವಾ!"

ಹೊರಗಿನ ಅಂಗಡಿಯಲ್ಲಿ ಗುರು ಶಿಷ್ಯೆ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದರು. ಬೆಳಗಿನಿಂದ ಹಸಿದಿದ್ದ ಕೆಂಚೇಶ ಎರಡನೇ ತಟ್ಟೆಗೂ ಹೇಳಿದ. ದಾವಣಗೆರೆ ಬಸ್ಸು ಬಂದು ನಿಂತಾಗ ಎದ್ದ.

"ಈ ಭಾನುವಾರ ರಜೆ ಹಾಕಿ ನ್ಯಾಮತಿಗೆ ಬಾ. ನೀನು ಹುಡುಗಿಯರಿಗೆ ಪಾಠ ಹೇಳ್ಬೇಕು."

"ನಾನೇನು ಹೇಳ್ಲಿ ಸರ್? ಓಡಿಬಂದೋಳು ನಾನು."

"ಅದನ್ನೇ ಕಲಿಸು" ಎಂದ ಕೆಂಚೇಶ. "ಮುಂದಿನ ಸಾಲಲ್ಲಿ ನಾನೂ ನಿಂತ್ಕಂತೀನಿ."